ಕಿಟಕಿಯೂ ತೆರೆಯೂ: ಸುರಪುರ ಸೀಮೆಯ ಮನೆಗಳ ಕಥೆ

ಮನೆಗೆ ಬಾಗಿಲು ಬಾಯಿಯಾದರೆ ಕಿಟಕಿ ಕಣ್ಣು. ಇದು ಕೇವಲ ಅಲಂಕಾರದ ಮಾತಲ್ಲ. ಮನುಷ್ಯನು ಹಲವು ದೇಶಗಳಲ್ಲಿ ಕಿಟಕಿಗೆ ಇಟ್ಟ ಹೆಸರುಗಳೇ ಇದಕ್ಕೆ ಸಾಕ್ಷಿಯಾಗಿವೆ. ಸಂಸ್ಕೃತದ ‘ಗವಾಕ್ಷ’ ಎಂಬ ಪದಕ್ಕೆ ಗೋವಿನ ಕಣ್ಣು ಎಂದು ಅರ್ಥ. ಇಂಗ್ಲಿಷಿನ ‘ವಿಂಡೋ’ ಎಂಬುದು ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯ ‘ಗಾಳಿಯ ಕಣ್ಣು’ ಎಂಬ ಮಾತಿನಿಂದ ಬಂದುದು. ನಮ್ಮ ‘ಕಿಟಕಿ’ ಹಿಂದಿ, ಮರಾಠಿಗಳ ‘ಖಿಡಕಿ’ಯ ಒಡಹುಟ್ಟು, ಕರಾವಳಿಯವರು ಹೇಳುವ ‘ಜನೆಲ್’ ಎಂಬುದು ಪೋರ್ತುಗೀಸರು ಬಿಟ್ಟುಹೋದ ಮಾತು. ಅಚ್ಚ ಕನ್ನಡದಲ್ಲಿ ನಾವು ‘ಬೆಳಕಿಂಡಿ’ ಎನ್ನುತ್ತೇವೆ. ಹೀಗೆ ಒಬ್ಬರಿಗೆ ಗಾಳಿ ಮುಖ್ಯವಾಯಿತು, ಇನ್ನೊಬ್ಬರಿಗೆ ಬೆಳಕು ಮುಖ್ಯವಾಯಿತು. ಆದರೆ ಕಣ್ಣೆಂದಮೇಲೆ ಅದಕ್ಕೊಂದು ರೆಪ್ಪೆಯೂ ಬೇಕಷ್ಟೆ. ಧೂಳು ಬಂದಾಗ, ಬಿಸಿಲು ಕುಕ್ಕಿದಾಗ, ನಿದ್ದೆ ಹತ್ತಿದಾಗ ಮುಚ್ಚಿಕೊಳ್ಳದ ಕಣ್ಣು ಬೇಗ ಕೆಡುವುದು. ಕಿಟಕಿಯ ರೆಪ್ಪೆಗಳಾದ ತೆರೆ, ತಟ್ಟಿ, ಚಿಕ್ಕು, ಕದ, ಝಿಲಮಿಲಿಗಳ ಚರಿತ್ರೆಯನ್ನು ಒಂದು ಸೀಮೆಯ ಮಟ್ಟಿಗೆ ಶ್ರೋತೃಗಳ ಮುಂದಿಡಲು ನಾವು ಯತ್ನಿಸುತ್ತೇವೆ.

ಆ ಸೀಮೆ ಯಾವುದೆಂದರೆ ಭೀಮಾ ಕೃಷ್ಣಾ ನದಿಗಳ ಮಡಿಲಿನಲ್ಲಿರುವ ಸುರಪುರ, ಶಹಾಪುರ, ಯಾದಗಿರಿಗಳ ನಾಡು. ಬಂಡೆಗುಡ್ಡಗಳ ನಡುವೆ ಅಡಗಿ ಕುಳಿತ ಬೇಡ ನಾಯಕರ ರಾಜಧಾನಿ ಸುರಪುರ. ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲನ್ನು ಬೆನ್ನಿಗಿಟ್ಟುಕೊಂಡ ಊರು ಶಹಾಪುರ. ಗುಡ್ಡದ ಮೇಲೆ ಕೋಟೆಯನ್ನು ಹೊತ್ತು ನಿಂತುದು ಯಾದಗಿರಿ. ಈ ನಾಡನ್ನೇ ಆರಿಸಿಕೊಳ್ಳಲು ಕಾರಣವುಂಟು. ಇಲ್ಲಿ ಬೆಳಕಿಗೆ ಬಡತನವಿಲ್ಲ, ಬಡತನವಿರುವುದು ನೆರಳಿಗೆ. ಬೇಸಗೆಯ ಹಗಲಿನಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಇಲ್ಲಿ ವಿಶೇಷವೇನೂ ಅಲ್ಲ. ಇಂಥ ಕಡೆ ಕಿಟಕಿಯ ತೆರೆಯು ಶೃಂಗಾರದ ವಸ್ತುವಾಗಿರದೆ ಬಾಳಿನ ಅಗತ್ಯವಾಗಿತ್ತು. ತೆರೆಯ ಆಯ್ಕೆಯಲ್ಲಿ ತಪ್ಪಿದವರು ಆ ತಪ್ಪಿನ ಫಲವನ್ನು ಮೈಮೇಲೆಯೇ ಅನುಭವಿಸಬೇಕಾಗಿತ್ತು.

ಮೊದಲು ಸೂರ್ಯನ ನಡಿಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಈ ಮೂರು ಊರುಗಳೂ ಸುಮಾರಾಗಿ ಹದಿನಾರೂವರೆ ಹದಿನಾರೂಮುಕ್ಕಾಲು ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದಕಾರಣ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮೊದಲ ವಾರ ಕಳೆಯುವ ಹೊತ್ತಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ, ನಡುಹಗಲ ಸೂರ್ಯನು ನೆತ್ತಿಗೆ ನೇರವಾಗಿ ಬಂದು ನೆಟ್ಟ ಕಂಬದ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಮೈಸೂರಿನವರಿಗೆ ಆ ದಿನ ಏಪ್ರಿಲ್ ತಿಂಗಳ ನಾಲ್ಕನೆಯ ವಾರದಲ್ಲಿಯೇ ಬರುವುದು. ಈ ಎರಡು ದಿನಗಳ ನಡುವಣ ಮೂರು ತಿಂಗಳು ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಕಡು ಬೇಸಗೆಯಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಭಯವಿಲ್ಲ. ಒಂದು ಗೇಣುದ್ದ ಚಾಚಿದ ಕಲ್ಲೂ ಅದಕ್ಕೆ ಸಾಕಾದೀತು. ಭಯವಿರುವುದು ಪೂರ್ವ ಪಶ್ಚಿಮದ ಕಿಟಕಿಗಳಿಗೆ. ಅಲ್ಲಿ ಸೂರ್ಯನು ಓರೆಯಾಗಿ, ಕೆಳಗಿನಿಂದ ಇಣುಕುವವನಂತೆ ಒಳನುಗ್ಗುವನು. ಉತ್ತರದ ಕಿಟಕಿ ಸದಾ ತಂಪು ಎಂದು ಇಂಗ್ಲೆಂಡಿನ ಗೃಹಶಿಲ್ಪದ ಪುಸ್ತಕಗಳನ್ನೋದಿದವರು ನಂಬುವುದುಂಟು. ಆದರೆ ಮೇ ಜೂನ್ ತಿಂಗಳುಗಳಲ್ಲಿ ಸೂರ್ಯನು ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟಿ, ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುವುದರಿಂದ, ಬೆಳಗು ಬೈಗುಗಳಲ್ಲಿ ಆ ಕಿಟಕಿಗೂ ಬಿಸಿಲು ತಾಗದಿರದು. ಹಿಂದಿನವರು ಈ ಲೆಕ್ಕವನ್ನು ಡಿಗ್ರಿಗಳಲ್ಲಿ ಬರೆದಿಡಲಿಲ್ಲ, ಗೋಡೆಗಳಲ್ಲಿ ಕಟ್ಟಿಟ್ಟರು.

ಈ ನಾಡಿನಲ್ಲಿ ಮನುಷ್ಯನು ಕಲ್ಲಿನಲ್ಲಿ ಕಂಡಿ ಕೊರೆದುದು ಬಹು ಪ್ರಾಚೀನ ಕಾಲದಲ್ಲಿ. ಸುರಪುರದ ದಿಕ್ಕಿನಲ್ಲಿರುವ ರಾಜನಕೋಳೂರಿನಲ್ಲಿ ಇತಿಹಾಸಪೂರ್ವ ಕಾಲದ ಕಲ್ಗೋರಿಗಳಿವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ ಮಾಡಿದ ಈ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಒಂದು ಬದಿಯ ಕಲ್ಲಿನಲ್ಲಿ ದುಂಡನೆಯ ರಂಧ್ರವುಂಟು. ಉತ್ತರ ಕರ್ನಾಟಕದ ಜನರು ಇಂಥವನ್ನು ಮೋರ್ಯರ ಮನೆಗಳೆಂದು ಕರೆಯುವರು. ಇವು ಸತ್ತವರ ಮನೆಗಳು. ಆ ರಂಧ್ರವು ಬೆಳಕಿಗಾಗಿ ಕೊರೆದುದಲ್ಲ. ಆದರೂ ನಾಲ್ಕು ಕಡೆಯೂ ಮುಚ್ಚಿದುದು ಮನೆಯಾಗದು, ಸತ್ತವನಿಗೂ ಒಂದು ತೆರವು ಬೇಕು ಎಂಬ ಭಾವನೆ ಇಲ್ಲಿ ಕಾಣಬರುತ್ತದೆ.

ಬಳಿಕ ಬಂದುದು ದೇವರ ಮನೆಯ ಕಿಟಕಿ. ಚಾಲುಕ್ಯರ ಕಾಲದ ಶಿಲ್ಪಿಗಳು ಅದನ್ನು ‘ಜಾಲಂಧ್ರ’ವಾಗಿ ಕಡೆದರು. ಐಹೊಳೆಯ ಲಾಡಖಾನ ಗುಡಿಯನ್ನು ನೋಡಿದವರಿಗೆ ಇದರ ಪರಿಚಯವಿರುವುದು. ಒಂದೇ ಕಲ್ಲಿನ ಹಲಗೆಯಲ್ಲಿ ಬಲೆಯಂತೆ ಕಂಡಿಗಳನ್ನು ಬಿಡಿಸಿ ಗೋಡೆಯಲ್ಲಿ ಕೂಡಿಸುವುದೇ ಜಾಲಂಧ್ರ. ಇಲ್ಲಿ ಕಿಟಕಿಯೂ ತೆರೆಯೂ ಬೇರೆ ಬೇರೆಯಲ್ಲ, ತೆರೆಯೇ ಕಿಟಕಿಯಾಗಿದೆ. ಬಿಸಿಲು ಆ ಕಲ್ಲಿನ ದಪ್ಪದಲ್ಲಿ ಸಿಕ್ಕಿ ಮುರಿದು, ತಣಿದ ಬೆಳಕು ಮಾತ್ರ ಒಳಗಿಳಿಯುವುದು, ಗಾಳಿಗೆ ಅಡ್ಡಿಯಿಲ್ಲ. ಬೇಲೂರಿನಲ್ಲಿ ಇದಕ್ಕಿಂತ ಭಿನ್ನವಾದ ಸಂಗತಿ ನಡೆಯಿತು. ವಿಷ್ಣುವರ್ಧನನ ಕಾಲದಲ್ಲಿ ತೆರೆದಿದ್ದ ನವರಂಗಕ್ಕೆ ಎರಡನೆಯ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಕೂಡಿಸಿದರು. ಕಟ್ಟಡ ಮುಗಿದು ಎರಡು ಮೂರು ತಲೆಮಾರು ಕಳೆದ ಮೇಲೆ ಅದಕ್ಕೆ ತೆರೆ ಹಾಕಿದ ದೊಡ್ಡ ನಿದರ್ಶನವಿದು.

ದೇವಾಲಯದಿಂದ ಒಕ್ಕಲಿಗನ ಮನೆಗೆ ಬರೋಣ. ಭೀಮಾ ಕೃಷ್ಣಾ ತೀರಗಳ ಹಳೆಯ ಮನೆಯ ಗೋಡೆ ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸವುಳು ಮಣ್ಣಿನ ಸಮನಾದ ಮಾಳಿಗೆ. ಗೋಡೆಯಲ್ಲಿ ಕಿಟಕಿಗಳು ಇಲ್ಲವೇ ಇಲ್ಲ, ಇದ್ದರೆ ಎತ್ತರದಲ್ಲಿ ಅಂಗೈಯಗಲದ ಒಂದೆರಡು ಕಿಂಡಿಗಳು. ಆದರೆ ಮಾಳಿಗೆಯಲ್ಲಿ ಬೆಳಕಿಂಡಿಯುಂಟು. ಒಲೆಯ ಮೇಲೊಂದು, ನಡುಮನೆಗೊಂದು. ಒಲೆಯ ಹೊಗೆ ಅದರಿಂದಲೇ ಹೊರಹೋಗುವುದು; ಹಗಲಿನ ಬೆಳಕು ಅದರಿಂದಲೇ ಕಂಬದಂತೆ ಒಳಗಿಳಿಯುವುದು. ಅದರ ರೆಪ್ಪೆ ಒಂದು ಚಪ್ಪಟೆ ಕಲ್ಲು ಅಥವಾ ಒಡೆದ ಗಡಿಗೆಯ ತುಂಡು. ಮಳೆ ಹನಿಯಿತೆಂದರೆ ಮನೆಯ ಹುಡುಗನೊಬ್ಬನು ಮಾಳಿಗೆಯನ್ನೇರಿ ಅದನ್ನು ಮುಚ್ಚಬೇಕು. ಹೊರಗಿನವರಿಗೆ ಈ ಮನೆ ಕತ್ತಲೆಯ ಗುಹೆಯಂತೆ ತೋರಬಹುದು. ಆದರೆ ಹೊರಗಿನ ಉರಿ ಆ ದಪ್ಪ ಗೋಡೆಯನ್ನು ದಾಟಿ ಒಳಬರಲು ಹಲವು ಗಂಟೆಗಳೇ ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಜನರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ.

ಈ ಕತ್ತಲೆಗೆ ಬಿಸಿಲೊಂದೇ ಕಾರಣವೆಂದು ಹೇಳಲಾಗದು. ಭಯವೂ ಕಾರಣವಾಗಿತ್ತು. ಔರಂಗಜೇಬನು 1705ರಲ್ಲಿ ತನ್ನ ಮುಪ್ಪಿನಲ್ಲಿ ದಂಡೆತ್ತಿ ಬಂದು ಮುತ್ತಿದ ವಾಗಣಗೇರಿ ಇದೇ ಬೇಡ ನಾಯಕರ ದುರ್ಗ. ಆ ಶತಮಾನದುದ್ದಕ್ಕೂ ದಕ್ಖಣದಲ್ಲಿ ದಂಡುಗಳ ಓಡಾಟ ನಿಲ್ಲಲಿಲ್ಲ. ದೇಸಾಯಿಯ ವಾಡೆಯಾಗಲಿ ಗೌಡನ ಮನೆಯಾಗಲಿ ಬೀದಿಯ ಕಡೆಗೆ ಕಣ್ಣು ತೆರೆಯಲು ಅಂಜುತ್ತಿತ್ತು. ಕೋಟೆಯ ತೆನೆಗಳಲ್ಲಿದ್ದ ತುಪಾಕಿ ಕಿಂಡಿಗಳು ಒಳಗಿನವನಿಗೆ ಹೊರಗನ್ನು ತೋರಿಸಿ, ಹೊರಗಿನವನಿಗೆ ಒಳಗನ್ನು ಮರೆಮಾಡುವಂಥವು. ವಾಡೆಯ ಬೆಳಕೆಲ್ಲ ನಡುವಣ ತೆರೆದ ಅಂಗಳದಿಂದ ಬರುತ್ತಿತ್ತು. ಆದ್ದರಿಂದ ಹಳೆಯ ಮನೆಗಳ ಕಿರುಗಿಂಡಿಯನ್ನು ಅಜ್ಞಾನವೆಂದು ಜರೆಯುವುದೂ ಸರಿಯಲ್ಲ, ಅದರಲ್ಲಿ ಜಾಣ್ಮೆಯೊಂದನ್ನೇ ಕಂಡು ಕೊಂಡಾಡುವುದೂ ಸರಿಯಲ್ಲ. ಹೊಗೆ ತುಂಬಿದ ಒಳಮನೆಯಲ್ಲಿ ಒಲೆಯ ಮುಂದೆ ಕುಳಿತು ಕಣ್ಣು ಕೆಡಿಸಿಕೊಂಡ ತಾಯಂದಿರನ್ನು ಮರೆತು ಆ ಕಾಲವನ್ನು ಹೊಗಳುವುದು ನ್ಯಾಯವಲ್ಲ.

ಇನ್ನು ಬಟ್ಟೆಯ ತೆರೆಯ ಮಾತು. ‘ತೆರೆ’ ಎಂಬುದು ನಮ್ಮದೇ ಪದ. ಹಳಗನ್ನಡದ ಕವಿಗಳು ‘ಜವನಿಕೆ’, ‘ಕಾಂಡಪಟ’ ಎಂಬ ಪದಗಳನ್ನೂ ಬಳಸಿದ್ದಾರೆ. ನೇಯ್ಗೆ ಈ ಸೀಮೆಗೆ ಹೊಸದಲ್ಲ. ನೇಯ್ಗೆಯ ಕಾಯಕವನ್ನು ಕೈಗೊಂಡಿದ್ದ ವಚನಕಾರ ದೇವರ ದಾಸಿಮಯ್ಯನ ಊರು ಮುದನೂರು ಇದೇ ಸುರಪುರದ ನಾಡಿನಲ್ಲಿದೆ. ಆದರೆ ಆ ಕಾಲದ ತೆರೆ ಕಿಟಕಿಗೆ ಕಟ್ಟಿದುದಲ್ಲ. ರಂಗಕ್ಕೆ, ಡೇರೆಗೆ, ಅಂತಃಪುರದ ಬಾಗಿಲಿಗೆ ಕಟ್ಟಿದುದು. ಕಿಟಕಿಯೇ ಅಂಗೈಯಗಲವಿದ್ದಾಗ ಅದಕ್ಕೆ ತೆರೆಯೇತಕ್ಕೆ? ಅಗಲವಾದ ಕಿಟಕಿ ಬಂದಾಗಲೇ ಅದಕ್ಕೆ ಪರದೆಯ ಅಗತ್ಯ ತೋರಿತು. ಪರದೆ ಪಾರಸಿಯಿಂದ ಬಂದ ಮಾತು.

ಈ ಬದಲಾವಣೆಗೆ ಬಹಮನಿ ಮತ್ತು ಬಿಜಾಪುರದ ಅರಸರು ಬಹುಮಟ್ಟಿಗೆ ಕಾರಣರು. ಬಿಜಾಪುರಕ್ಕೂ ಈ ಸೀಮೆಗೂ ಇದ್ದ ನಂಟು ಎಷ್ಟು ನಿಕಟವೆಂದರೆ, ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲಶಾಹನೂ ಅವನ ಹಿಂದೆಯೇ ಬಂದ ಅರಸರೂ ಮಣ್ಣಾದುದು ಬಿಜಾಪುರದಲ್ಲಲ್ಲ, ಶಹಾಪುರದ ಬಳಿಯ ಗೋಗಿಯಲ್ಲಿ. ಬಿಜಾಪುರದ ಮೆಹತರ ಮಹಲಿನಲ್ಲಿ ಗೋಡೆಯಿಂದ ಹೊರಚಾಚಿ ಕುಸುರಿ ಕೆಲಸದ ಕಲ್ಲಿನ ಆಸರೆಗಳ ಮೇಲೆ ನಿಂತ ಝರೋಕೆಯನ್ನೂ, ಇಬ್ರಾಹಿಂ ರೋಜಾದಲ್ಲಿ ಪವಿತ್ರ ವಾಕ್ಯಗಳ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಲ್ಲಿನ ಕಿಟಕಿಗಳನ್ನೂ ನೋಡಿದರೆ, ಚಾಲುಕ್ಯರ ಜಾಲಂಧ್ರದ ವಿದ್ಯೆಯೇ ಮತ್ತೊಂದು ಭಾಷೆಯಲ್ಲಿ ಮಾತನಾಡುತ್ತಿರುವಂತೆ ತೋರುತ್ತದೆ.

ಅರಮನೆಯ ಝರೋಕೆ ಕಲ್ಲಿನದಾದರೆ, ಊರಿನ ಉಳ್ಳವರ ಮನೆಯ ಕಿಟಕಿಗೆ ಚಿಕ್ಕು ಬಂದಿತು. ಬಿದಿರಿನ ತೆಳ್ಳನೆಯ ಸೀಳುಗಳನ್ನು ದಾರದಿಂದ ಹೆಣೆದು ಸುರುಳಿ ಸುತ್ತುವಂತೆ ಮಾಡಿದ ತೆರೆಯೇ ಚಿಕ್ಕು. ಗೋಷಾ ಪದ್ಧತಿಯುಳ್ಳ ಮನೆತನಗಳಿಗೆ ಇದು ಬಹಳ ಒಪ್ಪಿಗೆಯಾಯಿತು. ಹಗಲಿನಲ್ಲಿ ಒಳಗೆ ಕತ್ತಲೆ, ಹೊರಗೆ ಬೆಳಕು. ಆದಕಾರಣ ಒಳಗಿನ ಹೆಂಗಸಿಗೆ ಬೀದಿ ಕಾಣುವುದು, ಬೀದಿಯವನಿಗೆ ಹೆಂಗಸು ಕಾಣಳು. ದೀಪ ಹಚ್ಚಿದೊಡನೆ ಈ ಲೆಕ್ಕ ತಿರುಗುಮುರುಗಾಗುವುದು. ಆದ್ದರಿಂದ ಸಂಜೆಗೆ ಚಿಕ್ಕಿನ ಹಿಂದೆ ಬಟ್ಟೆಯ ಪರದೆಯೊಂದನ್ನು ಎಳೆಯಬೇಕಾಗುತ್ತಿತ್ತು. ಎರಡು ಪದರದ ತೆರೆಗೆ ಇದೇ ಕಾರಣ; ಇದನ್ನು ಇಂದಿನವರು ಪಟ್ಟಣದ ಹೊಸ ಫ್ಯಾಷನ್ ಎಂದು ತಿಳಿದಿದ್ದಾರೆ. ನೆರಳನ್ನು ತಂದ ಆ ಚಿಕ್ಕೇ ಒಬ್ಬಳ ಲೋಕವನ್ನು ಒಂದು ಕಿಟಕಿಯಷ್ಟಕ್ಕೆ ಕಿರಿದಾಗಿಸಿತೆಂಬುದನ್ನೂ ಚರಿತ್ರೆ ಬರೆಯುವವರು ಮರೆಯಬಾರದು.

ಚಿಕ್ಕಿಗಿಂತ ಹೆಚ್ಚು ತಂಪಾದುದು ಲಾವಂಚದ ತಟ್ಟಿ. ಲಾವಂಚದ ಬೇರನ್ನು ಬಿದಿರಿನ ಚೌಕಟ್ಟಿಗೆ ಹೆಣೆದು, ಗಾಳಿ ಬೀಸುವ ದಿಕ್ಕಿನ ಕಿಟಕಿಗೆ ನಿಲ್ಲಿಸಿ ನೀರು ಚಿಮುಕಿಸಿದರೆ, ಬಿಸಿಗಾಳಿ ಅದರ ಮೂಲಕ ಹಾದು ತಣ್ಣಗಾಗಿ ಪರಿಮಳದೊಡನೆ ಒಳಬರುವುದು. ಅಬುಲ್ ಫಜಲನು ಐನಿ ಅಕ್ಬರಿಯಲ್ಲಿ ಇದರ ಪ್ರಸ್ತಾಪ ಮಾಡಿದ್ದಾನೆ. ನೀರು ಆವಿಯಾಗುವಾಗ ಸುತ್ತಣ ಗಾಳಿಯಿಂದ ಶಾಖವನ್ನು ಹೀರುವುದೆಂಬುದೇ ಇದರ ಗುಟ್ಟು. ಗಾಳಿ ಒಣಗಿದಷ್ಟೂ ತಟ್ಟಿಯ ಫಲ ಹೆಚ್ಚು. ಆದ್ದರಿಂದ ಮಾರ್ಚಿಯಿಂದ ಮೇ ತಿಂಗಳವರೆಗೆ ಇದು ಈ ಬಯಲುನಾಡಿಗೆ ಹೇಳಿ ಮಾಡಿಸಿದುದು. ಮಳೆಗಾಲದಲ್ಲಿ ಇದರಿಂದ ಫಲವಿಲ್ಲ. ಆದರೆ ತಟ್ಟಿಯ ಒಳಗೆ ತಣ್ಣಗೆ ಮಲಗಿದವನೊಬ್ಬನಿದ್ದರೆ, ಹೊರಗೆ ಉರಿಬಿಸಿಲಿನಲ್ಲಿ ನಿಂತು ಗಳಿಗೆ ಗಳಿಗೆಗೂ ನೀರೆರಚುವ ಆಳೊಬ್ಬನಿರಬೇಕಾಗಿತ್ತು; ಆ ನೀರನ್ನು ಬಾವಿಯಿಂದ ಸೇದಿ ತರುವವನು ಮತ್ತೊಬ್ಬನು. ನೀರಿನ ಬರವಿರುವ ನಾಡಿನಲ್ಲಿ ಒಬ್ಬನ ತಂಪು ಹಲವರ ಬೆವರಿನಿಂದ ಬರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರಕ್ಕೆ ಮತ್ತೊಂದು ಬಗೆಯ ಕಿಟಕಿ ಬಂದಿತು. ಎಳೆಯ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಮೇಲ್ವಿಚಾರಣೆಗೆ ನೇಮಕಗೊಂಡ ಫಿಲಿಪ್ ಮೆಡೋಸ್ ಟೇಲರನು 1840ರ ದಶಕದಲ್ಲಿ ಇಲ್ಲಿಯ ಗುಡ್ಡದ ಮೇಲೆ ತನ್ನ ಬಂಗಲೆಯನ್ನು ಕಟ್ಟಿಸಿದನು. ಅದು ಟೇಲರ್ ಮಂಜಿಲ್ ಎಂದು ಹೆಸರಾಯಿತು. ರಾಜನಕೋಳೂರಿನ ಕಲ್ಗೋರಿಗಳನ್ನು ವಿದ್ವಾಂಸರ ಗಮನಕ್ಕೆ ತಂದವನೂ ಇವನೇ. ಬಂಗಲೆಯೆಂಬ ಮನೆಯ ತತ್ತ್ವ ವಾಡೆಯ ತತ್ತ್ವಕ್ಕೆ ತೀರ ವಿರುದ್ಧ. ವಾಡೆ ಒಳಮುಖ, ಬಂಗಲೆ ಹೊರಮುಖ. ವಾಡೆಯ ನಡುವೆ ಅಂಗಳ, ಬಂಗಲೆಯ ಸುತ್ತ ವರಾಂಡ. ಬಂಗಲೆಗಳಲ್ಲಿ ಆಳೆತ್ತರದ ಕಿಟಕಿಗಳನ್ನಿಟ್ಟು, ಅವುಗಳಿಗೆ ಓರೆಯಾದ ಮರದ ಪಟ್ಟಿಗಳನ್ನು ಜೋಡಿಸಿದ ಕದಗಳನ್ನು ಹಚ್ಚುತ್ತಿದ್ದರು. ಇವೇ ಝಿಲಮಿಲಿ. ಪಟ್ಟಿಗಳನ್ನು ಏರಿಳಿಸಿ ಬೆಳಕನ್ನು ಬೇಕಾದಷ್ಟೇ ಅಳೆದು ಒಳಬಿಡಬಹುದು. ಇದರ ಹೆಸರಿನ ಕಥೆಯೂ ವಿನೋದವಾದುದು. ಇಂಥ ಪಟ್ಟಿಯ ತೆರೆಯನ್ನು ಇಂಗ್ಲಿಷರು ವೆನಿಸ್ ನಗರದ ಹೆಸರಿನಿಂದ ಕರೆದರು. ಫ್ರೆಂಚರೂ ಇಟಲಿಯವರೂ ಪಟ್ಟಿಯ ಕದಗಳನ್ನು ಪರ್ಷಿಯದ ಹೆಸರಿನಿಂದ ಕರೆದರು. ಎಲ್ಲರೂ ತಮ್ಮಿಂದ ಮೂಡಲಿಗೆ ಕೈ ತೋರಿಸಿದರು. ಜರ್ಮನರು ಬಳಸುವ ‘ಜಾಲೂಸಿ’ ಎಂಬ ಪದವಂತೂ ಹೊಟ್ಟೆಕಿಚ್ಚು ಎಂಬರ್ಥದ ಫ್ರೆಂಚ್ ಮಾತು. ಮನೆಯೊಡತಿಯನ್ನು ಪರರು ನೋಡಬಾರದೆಂಬ ಗಂಡಸಿನ ಅಸೂಯೆಯೇ ಕಿಟಕಿಯ ಹೆಸರಾಗಿ ನಿಂತಿದೆ. ಗೋಷಾ ನಮ್ಮಲ್ಲಿ ಮಾತ್ರವಿತ್ತೆಂದು ತಿಳಿದವರು ಇದನ್ನು ಗಮನಿಸಬೇಕು.

ವೆಂಕಟಪ್ಪ ನಾಯಕನು 1858ರಲ್ಲಿ ಇಂಗ್ಲಿಷರಿಗೆದುರಾಗಿ ಹೋರಾಡಿ ಸೆರೆಸಿಕ್ಕಿ, ಸೆರೆಯಲ್ಲಿದ್ದಾಗಲೇ ಮಡಿದನು. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಒಪ್ಪಿಸಲಾಯಿತು. 1871ರಲ್ಲಿ ಮುಂಬಯಿ ಮದ್ರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ಎತ್ತಿನ ಬಂಡಿಯಲ್ಲಿ ಒಡೆಯದೆ ಬರಲಾರದ ಗಾಜು, ಅಚ್ಚುಹಾಕಿದ ಗಿರಣಿಯ ಬಟ್ಟೆ, ಕಬ್ಬಿಣದ ಸರಳು ಇವುಗಳಿಗೆ ದಾರಿ ಸುಗಮವಾಯಿತು. 1948ರಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು. 1956ರಲ್ಲಿ ಈ ನಾಡು ಕನ್ನಡ ರಾಜ್ಯದೊಳಗೆ ಬಂದಿತು. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟರಲ್ಲಿ ಮಾಳಿಗೆ ಹೋಗಿ ಸಿಮೆಂಟಿನ ಛತ್ತು ಬಂದಿತು, ಮೂರಡಿಯ ಗೋಡೆ ಹೋಗಿ ಮುಕ್ಕಾಲಡಿಯ ಗೋಡೆ ಬಂದಿತು, ಬೆಳಕಿಂಡಿ ಹೋಗಿ ದೊಡ್ಡ ಗಾಜಿನ ಕಿಟಕಿ ಬಂದಿತು. ಕಣ್ಣು ಹಿಗ್ಗಿತು, ರೆಪ್ಪೆಯ ವಿಚಾರ ಮಾತ್ರ ಹಿಂದೆ ಬಿದ್ದಿತು.

ಇಲ್ಲಿಯೇ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೆ. ಜಾಲಂಧ್ರ, ಝರೋಕೆ, ಚಿಕ್ಕು, ತಟ್ಟಿ, ಝಿಲಮಿಲಿ ಇವೆಲ್ಲವೂ ಬಿಸಿಲನ್ನು ತಡೆದುದು ಕಿಟಕಿಯ ಹೊರಗೆ, ಇಲ್ಲವೆ ಗೋಡೆಯ ದಪ್ಪದಲ್ಲಿ. ಇಂದಿನ ಪರದೆ ತಡೆಯುವುದು ಗಾಜಿನ ಒಳಗೆ. ವ್ಯತ್ಯಾಸ ಅಲ್ಪವೆಂದು ತೋರಿದರೂ ಅಲ್ಪವಲ್ಲ. ಗಾಜು ಬಿಸಿಲನ್ನು ಸುಲಭವಾಗಿ ಒಳಬಿಡುವುದು. ಆದರೆ ಆ ಬಿಸಿಲಿನಿಂದ ಕಾದ ವಸ್ತುವು ಹೊರಸೂಸುವ ಶಾಖವನ್ನು ಮರಳಿ ಹೊರಬಿಡದು. ಒಳಗಿನ ಪರದೆ ಬಿಸಿಲನ್ನು ಕಣ್ಣಿಗೆ ಮರೆಮಾಡಿ, ತಾನೇ ಕಾದು, ಆ ಕಾವನ್ನು ಕೋಣೆಯೊಳಕ್ಕೇ ಚೆಲ್ಲುವುದು. ಕಳ್ಳನನ್ನು ಮನೆಯೊಳಕ್ಕೆ ಬರಗೊಟ್ಟು ಆಮೇಲೆ ಬಾಗಿಲು ಹಾಕಿದಂತಾಯಿತು.

ಆದ್ದರಿಂದ ಮನೆಯೊಡತಿಯೂ ಯಜಮಾನನೂ ಪರದೆಯ ಬಣ್ಣವನ್ನು ಆರಿಸುವ ಮೊದಲು ಕಿಟಕಿಯ ದಿಕ್ಕನ್ನೂ ಬಗೆಯನ್ನೂ ನೋಡತಕ್ಕುದು. ಪಶ್ಚಿಮದ ಕಿಟಕಿಗೆ ಅಗತ್ಯವಾದುದು ಹೊರಗಿನ ತೆರೆ: ಬಿದಿರಿನ ಚಿಕ್ಕು, ಮರದ ಝಿಲಮಿಲಿ, ಏನೂ ಇಲ್ಲವಾದರೆ ನೆನೆಸಿದ ಗೋಣಿತಟ್ಟು. ಮೇಲಿನ ಚಪ್ಪಡಿ ಎಷ್ಟು ಚಾಚಿದರೂ ಸಂಜೆಯ ಓರೆ ಬಿಸಿಲನ್ನು ತಡೆಯಲಾರದು. ಪೂರ್ವದ ಕಿಟಕಿಗೂ ಇದೇ ಮಾತು. ಆದರೆ ಬೆಳಗಿನ ತಂಪಿನಲ್ಲಿ ತೆರೆಯನ್ನು ಸುತ್ತಿಟ್ಟು ಗಾಳಿಯನ್ನು ಬರಮಾಡಿಕೊಂಡು, ಬಿಸಿಲೇರುವ ಮುನ್ನ ಇಳಿಬಿಡಬೇಕು. ದಕ್ಷಿಣದ ಕಿಟಕಿಗೆ ಮೇಲೊಂದು ಶಹಾಬಾದಿ ಚಪ್ಪಡಿಯಿದ್ದು, ಒಳಗೆ ತೆಳುವಾದ ಹತ್ತಿಯ ತೆರೆಯಿದ್ದರೆ ಸಾಕು. ಚಳಿಗಾಲದಲ್ಲಿ ಸೂರ್ಯನು ಅಲ್ಲಿಂದ ಒಳಬಂದರೆ ಅದು ಉಪಕಾರವೇ. ಉತ್ತರದ ಕಿಟಕಿಗೆ ಬೇಸಗೆಯ ಬೆಳಗು ಬೈಗುಗಳಲ್ಲಿ ಒಂದು ಪಕ್ಕದ ಮರೆ ಬೇಕು, ಉಳಿದ ಹೊತ್ತು ಅದನ್ನು ತೆರೆದೇ ಇಡಬಹುದು. ಬೀದಿಗೆ ಮುಖಮಾಡಿದ ಮಲಗುವ ಕೋಣೆಗೆ ಚಿಕ್ಕು, ಅದರ ಹಿಂದೆ ಇರುಳಿಗೆ ಬಟ್ಟೆ, ಹೀಗೆ ಎರಡು ಪದರಗಳಿರಬೇಕು. ಅಡಿಗೆಮನೆಯ ಒಲೆಯ ಬಳಿ ತೂಗಾಡುವ ಬಟ್ಟೆ ಅಪಾಯ. ಅಲ್ಲಿ ಬೇಕಾದುದು ನೊಣ ತಡೆಯುವ ಜಾಲರಿ, ಮತ್ತು ಮೇಲೆ ಹೊಗೆ ಹೋಗುವ ದಾರಿ. ಛತ್ತಿನಲ್ಲಿ ಗಾಜಿನ ಬೆಳಕಿಂಡಿಯನ್ನಿಡುವವರು ಹಳೆಯ ಮಾಳಿಗೆಯ ಕಲ್ಲನ್ನು ನೆನೆಯಬೇಕು. ಮೇ ತಿಂಗಳ ನಡುಹಗಲಿನಲ್ಲಿ ನೆತ್ತಿಯ ಸೂರ್ಯನು ನೇರವಾಗಿ ಅದರ ಮೇಲೆಯೇ ಇರುವನು. ಮೇಲಿನಿಂದ ಮುಚ್ಚುವ ಉಪಾಯವಿಲ್ಲದೆ ಅದನ್ನು ತೆರೆಯಲಾಗದು.

ಬಟ್ಟೆಯ ವಿಚಾರದಲ್ಲಿಯೂ ಒಂದು ಮಾತುಂಟು. ಹೊರಮುಖಕ್ಕೆ ಬಿಳುಪು ಅಥವಾ ತಿಳಿಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುವುದು. ಕಡುಬಣ್ಣ ಅದನ್ನು ಕುಡಿಯುವುದು. ಚಳಿನಾಡಿನವರು ಕೋಣೆಯ ಕಾವು ಹೊರಹೋಗದಿರಲೆಂದು ಕಂಡುಕೊಂಡ ದಪ್ಪ ಮಖಮಲ್ಲಿನ ಪರದೆಯನ್ನು ಶಹಾಪುರದ ಬೇಸಗೆಯಲ್ಲಿ ತೂಗಿಬಿಡುವುದು, ಬಿಸಿಲಿನಲ್ಲಿ ಕಂಬಳಿ ಹೊದ್ದಂತೆ. ಒಗೆಯಲು ಹಗುರವಾದ ಕೈಮಗ್ಗದ ಹತ್ತಿ ಧೂಳಿನ ಈ ನಾಡಿಗೆ ತಕ್ಕುದು. ಅದು ನೇಕಾರನಿಗೂ ಅನ್ನ.

ತಂಪಿನ ಯಂತ್ರಗಳು ಬಂದಿರುವಾಗ ಇಷ್ಟೆಲ್ಲ ವಿಚಾರವೇತಕ್ಕೆಂದು ಕೆಲವರು ಕೇಳಬಹುದು. ಯಂತ್ರವನ್ನು ಕೊಳ್ಳಬಲ್ಲವರಿಗೆ ಅದು ಇರಲಿ. ಅವರಿಗೂ ಹೊರಗಿನ ತೆರೆಯಿಂದ ವಿದ್ಯುತ್ತಿನ ವೆಚ್ಚ ತಗ್ಗುವುದು. ಆದರೆ ಆ ಯಂತ್ರ ಒಳಗಿನ ಕಾವನ್ನು ಬೀದಿಗೇ ಚೆಲ್ಲುವುದು. ತಟ್ಟಿಯ ಕಾಲದಂತೆ ಇಂದಿಗೂ ಒಬ್ಬನ ತಂಪು ಮತ್ತೊಬ್ಬನ ಬೇಗೆಯಾಗುವುದು. ಉಳಿದ ಬಹುಜನರಿಗೆ, ಅದರಲ್ಲಿಯೂ ಹಗಲೆಲ್ಲ ಮನೆಯಲ್ಲಿಯೇ ಇರಬೇಕಾದ ಮುದುಕರಿಗೆ, ಬಾಣಂತಿಯರಿಗೆ, ಹಸುಗೂಸುಗಳಿಗೆ, ಪಶ್ಚಿಮದ ಕಿಟಕಿಯ ಹೊರಗೆ ತೂಗುವ ಒಂದು ಬಿದಿರಿನ ಚಿಕ್ಕು ಯಾರಿಗೂ ಕೇಡು ಮಾಡದೆ ನೆರಳು ಕೊಡುವುದು. ಹಿಂದಿನವರ ಕತ್ತಲೆ ನಮಗೆ ಬೇಡ, ಅವರ ಹೊಗೆಯೂ ಬೇಡ, ಹೆಂಗಸರನ್ನು ಮರೆಯಲ್ಲಿಟ್ಟ ಪದ್ಧತಿಯೂ ಬೇಡ. ಬಿಸಿಲನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತನಾಡಿಸುತ್ತಿದ್ದ ಅವರ ಬುದ್ಧಿಯನ್ನಷ್ಟೇ ನಾವು ಉಳಿಸಿಕೊಳ್ಳೋಣ.